ಸೊನ್ನಲಿಗೆಯ ಬಾಲಕನ ಹಂಬಲ



ಶ್ರಾವಣಮಾಸದ ಒಂದು ಸಂಜೆ ಪ್ರವಚನ ಮುಗಿದ ತರುವಾಯ ವಯೋವೃದ್ಧ ಭಕ್ತರೊಬ್ಬರು ಈ ಲೇಖಕನ ಬಳಿ ಕುಳಿತು, “ನಲವತ್ತು ವರ್ಷ ಆತು, ಒಂದು ದಿನ ಲಿಂಗಪೂಜಿ ತಪ್ಪಿಸಿಲ್ಲ. ಒಳಗ ಏನೂ ಕಾಣವಲ್ದು. ಇನ್ನ ಎಷ್ಟು ದಿನ ಕಾಯಬೇಕ್ರೀ?” ಎಂದು ಕೇಳಿದರು. ಉತ್ತರ ಹೇಳುವ ಅಧಿಕಾರ ನನಗಿರಲಿಲ್ಲ. ಆದರೆ ಆ ಪ್ರಶ್ನೆಯೊಡನೆಯೇ ಸೊನ್ನಲಿಗೆಯ ಸಿದ್ಧರಾಮೇಶ್ವರರ ಚರಿತ್ರೆ ನೆನಪಿಗೆ ಬಂದಿತು.

ಸೊನ್ನಲಿಗೆಯೆಂದರೆ ಇಂದಿನ ಸೊಲ್ಲಾಪುರ. 12ನೆಯ ಶತಮಾನದಲ್ಲಿ ಅಲ್ಲಿ ಬಾಳಿದ ಸಿದ್ಧರಾಮರ ಬದುಕನ್ನು ಹರಿಹರನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕ ಕವಿಯು ‘ಸಿದ್ಧರಾಮ ಚಾರಿತ್ರ’ ಎಂಬ ಷಟ್ಪದಿ ಕಾವ್ಯದಲ್ಲಿ ನಿರೂಪಿಸಿದ್ದಾನೆ. ಚರಿತ್ರನಾಯಕನಿಗೂ ಕವಿಗೂ ನಡುವೆ ಹೆಚ್ಚು ಕಾಲದ ಅಂತರವಿಲ್ಲ. ಎಂ.ಎ. ತರಗತಿಯಲ್ಲಿ ಇದನ್ನು ಓದುವಾಗ ನಾವು ವಾರ್ಧಕ ಷಟ್ಪದಿಯ ಮಾತ್ರೆಗಳನ್ನು ಎಣಿಸಿದೆವೇ ಹೊರತು ಆ ಬಾಲಕನ ಅಳಲನ್ನು ಕೇಳಿಸಿಕೊಳ್ಳಲಿಲ್ಲವೆಂಬುದು ಈಗ ತೋರುತ್ತದೆ.

ಮುದ್ದುಗೌಡ ಮತ್ತು ಸುಗ್ಗವ್ವೆಯರ ಮಗನಾದ ಸಿದ್ಧರಾಮನು ಲೋಕದ ಕಣ್ಣಿಗೆ ಮಂದಮತಿಯಂತೆ ಕಾಣುತ್ತಿದ್ದ ಮುಗ್ಧ ಬಾಲಕ. ದನ ಕಾಯುವುದು ಅವನ ಕಾಯಕ. ಒಂದು ದಿನ ನವಣೆಯ ಹೊಲದ ಬಳಿ ಜಂಗಮರೂಪದಲ್ಲಿ ಮಲ್ಲಯ್ಯನು ಬರುತ್ತಾನೆ, ಹಸಿವೆಯೆನ್ನುತ್ತಾನೆ. ಬಾಲಕನು ಎಳೆಯ ತೆನೆಗಳನ್ನು ಸುಟ್ಟು ಕೊಡುತ್ತಾನೆ. ಅಷ್ಟಕ್ಕೆ ತಣಿಯದ ಅತಿಥಿಗಾಗಿ ಮನೆಯಿಂದ ತಣ್ಣನೆಯ ಊಟವನ್ನು ತರಲು ಓಡುತ್ತಾನೆ. ಮರಳಿ ಬಂದಾಗ ಹೊಲದಲ್ಲಿ ಯಾರೂ ಇಲ್ಲ. ಅಲ್ಲಿಂದ ಅವನ ಹಂಬಲ ಮೊದಲಾಗುತ್ತದೆ.

ಈ ಹಂಬಲದ ಬಗೆಯನ್ನು ಗಮನಿಸಬೇಕು. ಅಕ್ಕಮಹಾದೇವಿಯವರದು ಶರಣಸತಿ ಲಿಂಗಪತಿ ಭಾವದ ವಿರಹ; ಅದು ನಮಗೆ ಹೆಚ್ಚು ಪರಿಚಿತ. ಸಿದ್ಧರಾಮನದು ಬೇರೆ. ಅವನು ದರ್ಶನವನ್ನು ಬೇಡಿದವನಲ್ಲ, ಮುಕ್ತಿಯನ್ನು ಬಯಸಿದವನಲ್ಲ. ಉಣ್ಣಿಸಬೇಕಾದ ಅತಿಥಿ ಉಣ್ಣದೆ ಹೋದನಲ್ಲಾ ಎಂಬುದೇ ಅವನ ಸಂಕಟ. ಪೂರ್ಣವಾಗದ ದಾಸೋಹವೊಂದು ಅವನನ್ನು ಸುಡುತ್ತಿತ್ತು. ಕಾಯುವಿಕೆಯೆಂದರೆ ಪಡೆಯುವುದಕ್ಕಾಗಿ ಕುಳಿತಿರುವುದು ಎಂದು ನಾವು ತಿಳಿದಿದ್ದೇವೆ. ಆ ಬಾಲಕನು ಕೊಡುವುದಕ್ಕಾಗಿ ಅಲೆದನು.

ಶ್ರೀಶೈಲಕ್ಕೆ ಹೊರಟ ಯಾತ್ರಿಕರು, ಬಾ, ಮಲ್ಲಯ್ಯನನ್ನು ತೋರಿಸುತ್ತೇವೆ ಎಂದು ಅವನನ್ನು ಕರೆದೊಯ್ದರು. ಗುಡಿಯಲ್ಲಿ ಲಿಂಗವನ್ನು ತೋರಿಸಿದರು. ನನ್ನ ಕೈಯಿಂದ ತೆನೆ ತಿಂದ ಮಲ್ಲಯ್ಯ ಇವನಲ್ಲ ಎಂದು ಬಾಲಕನು ಒಪ್ಪಲೇ ಇಲ್ಲ. ಬೆಟ್ಟ, ಕಾಡು, ಕಣಿವೆಗಳಲ್ಲಿ ಕೂಗುತ್ತ ತಿರುಗಿದನು. ಕೊನೆಗೆ ಕಮರಿಯ ಅಂಚಿನಲ್ಲಿ ನಿಂತು ಬೀಳಲು ಅಣಿಯಾದಾಗ ಮಲ್ಲಿಕಾರ್ಜುನನು ಕೈ ಹಿಡಿದನು. ಈ ಪ್ರಸಂಗವನ್ನು ಸ್ಥಾವರಲಿಂಗದ ನಿರಾಕರಣೆಯೆಂದು ವೇದಿಕೆಗಳಲ್ಲಿ ಕೆಲವರು ಹೇಳುವುದುಂಟು. ಅದು ಸರಿಯೆನಿಸುವುದಿಲ್ಲ. ಊರನ್ನು ಇನ್ನೊಂದು ಶ್ರೀಶೈಲವನ್ನಾಗಿಸು ಎಂಬ ಅಪ್ಪಣೆಯನ್ನು ಹೊತ್ತು ಮರಳಿದ ಅದೇ ಸಿದ್ಧರಾಮರು ಸೊನ್ನಲಿಗೆಯಲ್ಲಿ ಮಲ್ಲಿಕಾರ್ಜುನನನ್ನು ಸ್ಥಾಪಿಸಿದರು. ಅವರು ಪ್ರತಿಷ್ಠಿಸಿದ 68 ಲಿಂಗಗಳನ್ನು ಸೊಲ್ಲಾಪುರದವರು ಇಂದಿಗೂ ಪೂಜಿಸುತ್ತಾರೆ. ಬಾಲಕನ ಹಟ ಕಲ್ಲಿನ ಮೇಲಣ ಕೋಪವಲ್ಲ, ಕಂಡವನನ್ನು ಮರೆಯಲಾರದ ನಿಷ್ಠೆ.

ಸಾಕ್ಷಾತ್ಕಾರವಾಯಿತಲ್ಲ, ಇನ್ನು ಕಾಯುವುದೇನಿದೆ? ಇತಿಹಾಸದ ನಿಜವಾದ ತೊಡಕು ಇಲ್ಲಿಯೇ ಇದೆ. ಸಿದ್ಧರಾಮರು ಕೆರೆ ಕಟ್ಟಿಸಿದರು, ಗುಡಿ ಕಟ್ಟಿಸಿದರು, ಜನಹಿತದಲ್ಲಿ ಕರ್ಮಯೋಗಿಯಾಗಿ ಬಾಳಿದರು. ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಬಂದು ಅವರನ್ನು ‘ಒಡ್ಡ’ನೆಂದು ಕರೆದುದು, ಸಿಟ್ಟಿಗೆದ್ದ ಕೆಲಸಗಾರರು ಪ್ರಭುವಿನ ಮೇಲೆ ಕಲ್ಲು ಬೀರಿದುದು, ಬಳಿಕ ಇಬ್ಬರ ನಡುವೆ ನಡೆದ ಗಹನ ಸಂವಾದ, ಇವೆಲ್ಲ ಶೂನ್ಯಸಂಪಾದನೆಯಲ್ಲಿ ಬರುತ್ತವೆ. ಹೊರಗಿನ ನೀರಡಿಕೆಗೆ ಕೆರೆ ತೋಡಿದವರು ಒಳಗಿನ ನೀರಡಿಕೆಗೆ ಏನು ಮಾಡಿದಿರಿ ಎಂಬುದು ಪ್ರಭುವಿನ ಪ್ರಶ್ನೆಯ ತಿರುಳು. ಅನಂತರ ಸಿದ್ಧರಾಮರು ಕಲ್ಯಾಣಕ್ಕೆ ಹೋಗುತ್ತಾರೆ. ಅಲ್ಲಿ ಚೆನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆ ಪಡೆದರೆಂಬುದು ನಮ್ಮ ಪರಂಪರೆಯ ನಂಬಿಕೆ.

ಆದರೆ ರಾಘವಾಂಕನ ಕಾವ್ಯವು ಈ ದೀಕ್ಷೆಯ ಮಾತನ್ನು ಎತ್ತುವುದಿಲ್ಲ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲ ಶೂನ್ಯಸಂಪಾದನೆಯನ್ನು ಸಂಕಲಿಸಿದಾಗ ಅದರಲ್ಲಿಯೂ ದೀಕ್ಷಾಪ್ರಸಂಗ ಇರಲಿಲ್ಲ. ಹಲಗೆಯಾರ್ಯರು ತಮ್ಮ ಪರಿಷ್ಕರಣದಲ್ಲಿ ಅದನ್ನು ಸೇರಿಸಿದರು. ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಮುಂದುವರಿಸಿದರು. ಒಂದು ಪ್ರಸಂಗಕ್ಕಾಗಿ ಇಡೀ ಗ್ರಂಥವನ್ನೇ ಮತ್ತೆ ಕಟ್ಟಬೇಕೆನಿಸಿತೆಂದರೆ ಆ ಪ್ರಶ್ನೆ ಅವರಿಗೆ ಎಷ್ಟು ಕಾಡಿರಬೇಕು! ದೇವರೇ ಕೈ ಹಿಡಿದವನಿಗೆ ದೀಕ್ಷೆ ಏಕೆ ಎಂಬುದು ಒಂದು ಪಕ್ಷ. ಕಮರಿಯ ಅಂಚಿನ ದರ್ಶನವು ಒಂದು ಗಳಿಗೆಯದು, ಅಂಗದ ಮೇಲಿನ ಲಿಂಗವು ಅನುದಿನದ್ದು ಎಂಬುದು ಇನ್ನೊಂದು ಪಕ್ಷ. ಗ್ರಂಥಗಳ ಕಾಲಾನುಕ್ರಮವನ್ನು ನೋಡಿದರೆ ಮೊದಲ ಪಕ್ಷಕ್ಕೆ ಬಲವಿದೆ. ಆದರೂ ನನ್ನ ಮನಸ್ಸು ಎರಡನೆಯದರತ್ತ ವಾಲುತ್ತದೆ. ಬಾಲ್ಯದಲ್ಲಿ ಒಮ್ಮೆ ಕಂಡು, ಆ ನೆನಪಿನಲ್ಲಿಯೇ ವರ್ಷಗಟ್ಟಲೆ ಮಣ್ಣು ಹೊರಿಸಿ ಕೆರೆ ಕಟ್ಟಿಸಿದವರ ಬಾಳಿನಲ್ಲಿ ಎರಡನೆಯ ಕಾಯುವಿಕೆಯೊಂದು ಇದ್ದೇ ಇತ್ತು. ಹಲಗೆಯಾರ್ಯರು ಅದನ್ನು ಗುರುತಿಸಿದರೆಂದು ನಾನು ತಿಳಿಯುತ್ತೇನೆ.

ಮಕರ ಸಂಕ್ರಾಂತಿಯ ಗಡ್ಡದ ಜಾತ್ರೆಗೆ ಸೊಲ್ಲಾಪುರಕ್ಕೆ ಹೋದವರು ಆ ಕೆರೆಯನ್ನೂ ಅದರ ನಡುವಿನ ಗುಡಿಯನ್ನೂ ಗದ್ದುಗೆಯನ್ನೂ ಕಂಡಿರುತ್ತಾರೆ. ಎತ್ತರದ ನಂದಿಧ್ವಜಗಳು ಸಾಗುವಾಗ ನೆರೆಯುವ ಜನಸಾಗರದಲ್ಲಿ ಕನ್ನಡವೂ ಮರಾಠಿಯೂ ಬೆರೆತಿರುತ್ತವೆ.

ಇದನ್ನೆಲ್ಲ ಆ ಹಿರಿಯರಿಗೆ ನನಗೆ ತಿಳಿದಷ್ಟು ಹೇಳಿದೆ. ಸಂಪಾದನೆಗಳ ಪಾಠಭೇದ ಅವರಿಗೆ ಅಷ್ಟು ಹಿಡಿಸಿದಂತೆ ಕಾಣಲಿಲ್ಲ. “ಹಂಗಾರ ಅವರೂ ಕೆರಿ ಕಟ್ಟಿಸಿಕೋತ ಕಾದಾರ ಅಂತಾತು” ಎಂದು ನಕ್ಕು, ನಾಳೆ ದಾಸೋಹದ ಮನೆಯಲ್ಲಿ ಕಾಯಿಪಲ್ಯೆ ಹೆಚ್ಚುವ ಪಾಳಿ ತಮ್ಮದೆಂದು ಹೇಳಿ ಎದ್ದು ಹೋದರು.