ನೆಟ್ ಸರಿಮಾಡೋಕೇ ನೆಟ್ ಬೇಕು ಅಂದ್ರೆ? ವರ್ಚುವಲ್ ಮಷೀನಿನ ನೆಟ್‌ವರ್ಕ್ ಡ್ರೈವರ್ ಕೈಪಿಡಿ

ಮದುವೆಯಾಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆಯಾಗಲ್ಲ ಅಂತಾರಲ್ಲ, ವರ್ಚುವಲ್ ಮಷೀನಿನೊಳಗೆ ನೆಟ್ ಬರದಿದ್ದಾಗ ಆಗೋದು ಅದೇ. ಎಲ್ಲಿ ಹುಡುಕಿದರೂ ಒಂದೇ ಉತ್ತರ: ಡ್ರೈವರ್ ಡೌನ್‌ಲೋಡ್ ಮಾಡಿ, ಪ್ಯಾಕೇಜ್ ಹಾಕಿ, ಅಪ್‌ಡೇಟ್ ಮಾಡಿ. ನೆಟ್ಟೇ ಇಲ್ಲದ ಮಷೀನಿಗೆ ನೆಟ್‌ನಿಂದ ಔಷಧಿ.

ಬೆಂಗಳೂರಿನಲ್ಲಿ ಮನೆಗೆ ಫೈಬರ್ ಹಾಕಿಸಿಕೊಂಡವರಿಗೆ ಇದು ಹತ್ತು ನಿಮಿಷದ ತಲೆನೋವು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಹಳ್ಳಿಯಿಂದ ಬಸ್ಸಿನಲ್ಲಿ ಕಾಲೇಜಿಗೆ ಬಂದು, ರಾತ್ರಿ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಲಿನಕ್ಸ್ ಕಲಿಯೋಕೆ ಕೂತ ಬಿಸಿಎ ವಿದ್ಯಾರ್ಥಿಗೆ ಅದು ಒಂದು ದಿನದ ಡೇಟಾ. ಎರಡು ಸಲ ಹೀಗಾದರೆ 'ಲಿನಕ್ಸ್ ನಮ್ಮಂಥೋರಿಗಲ್ಲ' ಅನ್ನೋ ತೀರ್ಮಾನ. ಸರ್ವರ್, ನೆಟ್‌ವರ್ಕಿಂಗ್, ಸೆಕ್ಯುರಿಟಿ ಕೆಲಸಗಳೆಲ್ಲ ಕಲಿಯೋದು ವರ್ಚುವಲ್ ಮಷೀನಿನಲ್ಲೇ. ಹಾಗಾಗಿ ಬಾಗಿಲು ಮುಚ್ಚೋದು ಇಲ್ಲೇ.

2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಪ್ರಕಾರ ದೇಶದ ನಗರಗಳಲ್ಲಿ ಶೇ. 23.4ರಷ್ಟು ಮನೆಗಳಲ್ಲಿ ಕಂಪ್ಯೂಟರ್ ಇತ್ತು, ಹಳ್ಳಿಗಳಲ್ಲಿ ಶೇ. 4.4ರಷ್ಟು ಮನೆಗಳಲ್ಲಿ. ಕೊರೋನಾ ಕಾಲದಲ್ಲಿ, 2021ರಲ್ಲಿ, ರಾಜ್ಯ ಸರ್ಕಾರ ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಿತು. ಪಾಠ ಕೇಳೋಕೆ ಆಯ್ತು, ಸರಿ. ಆದರೆ ಟ್ಯಾಬ್ಲೆಟ್‌ನಲ್ಲಿ ವರ್ಚುವಲ್ ಮಷೀನ್ ಓಡಿಸೋಕಾಗಲ್ಲ. ಹಳೇ ಲ್ಯಾಪ್‌ಟಾಪ್ ಕೊಂಡೋ, ಲ್ಯಾಬಿನಲ್ಲಿ ಪಾಳಿ ಕಾದೋ ಮಾಡಬೇಕು. ಆದ್ದರಿಂದ ಈ ಕೈಪಿಡಿಗೆ ಒಂದೇ ನಿಯಮ: ಮೊದಲು ಒಂದು ಎಂಬಿಯೂ ಖರ್ಚಾಗದ ದಾರಿ.

(ಆಜ್ಞೆಗಳನ್ನು ಇಲ್ಲಿ ಉಚ್ಚಾರಣೆಯಂತೆ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ.)

ಇಲ್ಲದ ಕಾರ್ಡಿಗೆ ಇರುವ ಡ್ರೈವರ್

ನಿಮ್ಮ ನಿಜವಾದ ಲ್ಯಾಪ್‌ಟಾಪ್ ಹೋಸ್ಟ್. ಅದರೊಳಗೆ ವರ್ಚುವಲ್‌ಬಾಕ್ಸ್ ಅಥವಾ ವಿಎಂವೇರ್ ಓಡಿಸುವ ಮಷೀನ್ ಗೆಸ್ಟ್. ಗೆಸ್ಟ್‌ಗೆ ನಿಮ್ಮ ವೈಫೈ ಕಾರ್ಡ್ ಕಾಣೋದೇ ಇಲ್ಲ. ಹೋಸ್ಟ್ ಅದಕ್ಕೊಂದು ಸುಳ್ಳು ಕಾರ್ಡ್ ತೋರಿಸುತ್ತೆ, ಅದೂ ವೈರ್ ಇರುವ ಈಥರ್ನೆಟ್ ಕಾರ್ಡು. ಹಾಗಾಗಿ ಗೆಸ್ಟ್‌ನೊಳಗೆ ವೈಫೈ ಚಿಹ್ನೆ ಹುಡುಕುತ್ತಾ ಕೂರಬೇಡಿ. ಅದು ಇಲ್ಲದಿರೋದೇ ಸರಿ. ನಿಮ್ಮ ಲ್ಯಾಪ್‌ಟಾಪ್ ಕಂಪನಿಯ ವೈಫೈ ಡ್ರೈವರ್ ತಂದು ಗೆಸ್ಟ್‌ಗೆ ಹಾಕಿದರೂ ಪ್ರಯೋಜನವಿಲ್ಲ. ಅರ್ಧದಷ್ಟು ಜನರ ಪರದಾಟ ಇಲ್ಲೇ ಮುಗಿಯಬಹುದು.

ಈ ಸುಳ್ಳು ಕಾರ್ಡು ಯಾವ ಕಂಪನಿಯದು ಅನ್ನೋದನ್ನ ನೀವೇ ಆರಿಸಬಹುದು. ವರ್ಚುವಲ್‌ಬಾಕ್ಸ್‌ನಲ್ಲಿ ಎಎಂಡಿಯ ಹಳೇ ಪಿಸಿನೆಟ್ ಕಾರ್ಡುಗಳಿವೆ, ಇಂಟೆಲ್‌ನ ಪ್ರೊ/1000 ಸರಣಿಯ ಮೂರು ಕಾರ್ಡುಗಳಿವೆ, ಜೊತೆಗೆ ವರ್ಟ್‌ಐಒ ಇದೆ. ಮೊದಲೆರಡು ಬಗೆ ನಿಜವಾದ ಕಾರ್ಡುಗಳ ನಕಲು. ವರ್ಟ್‌ಐಒ ಹಾಗಲ್ಲ, ಅಂಥ ಕಾರ್ಡು ಯಾವ ಅಂಗಡಿಯಲ್ಲೂ ಮಾರಾಟಕ್ಕಿರಲಿಲ್ಲ. ವರ್ಚುವಲ್ ಮಷೀನಿಗೆಂದೇ ರಸ್ಟಿ ರಸೆಲ್ ಎಂಬ ಆಸ್ಟ್ರೇಲಿಯಾದ ಪ್ರೋಗ್ರಾಮರ್ ರೂಪಿಸಿದ್ದು, 2008ರ ಜನವರಿಯಲ್ಲಿ ಬಂದ ಲಿನಕ್ಸ್ 2.6.24ರಲ್ಲಿ ಸೇರಿತು. ವೇಗ ಜಾಸ್ತಿ. ಆದರೆ ಗೆಸ್ಟ್‌ಗೆ ಅದರ ಡ್ರೈವರ್ ಗೊತ್ತಿರಬೇಕು. ಲಿನಕ್ಸ್‌ಗೆ ಹುಟ್ಟಿನಿಂದಲೇ ಗೊತ್ತು. ವಿಂಡೋಸ್‌ಗೆ ಗೊತ್ತಿಲ್ಲ, ನೀವು ಹೊರಗಿನಿಂದ ತಂದು ಹಾಕಬೇಕು.

ಇಲ್ಲೇ ಸೊನ್ನೆ ಎಂಬಿಯ ಪರಿಹಾರ ಇದೆ. ಡ್ರೈವರ್ ಹುಡುಕೋ ಬದಲು ಕಾರ್ಡನ್ನೇ ಬದಲಿಸಿ. ಗೆಸ್ಟ್‌ಅನ್ನು ಪೂರ್ತಿ ಪವರ್ ಆಫ್ ಮಾಡಿ (ಸೇವ್ ಸ್ಟೇಟ್ ಸಾಲದು), ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅಡಾಪ್ಟರ್ 1, ಅಡಾಪ್ಟರ್ ಟೈಪ್. ವಿಂಡೋಸ್ ವಿಸ್ಟಾ ಮತ್ತು ಅದರ ನಂತರದ ವಿಂಡೋಸ್‌ಗೆ ಇಂಟೆಲ್ ಪ್ರೊ/1000 ಎಂಟಿ ಡೆಸ್ಕ್‌ಟಾಪ್. ಲ್ಯಾಬಿನಲ್ಲಿ ಇನ್ನೂ ಎಕ್ಸ್‌ಪಿ ಇಟ್ಟುಕೊಂಡಿದ್ದರೆ ಟಿ ಸರ್ವರ್. ಪಿಸಿನೆಟ್ ತೀರಾ ಹಳೇ ಸಿಸ್ಟಂಗಳಿಗೆ ಮಾತ್ರ, ವಿಸ್ಟಾದಿಂದ ಈಚೆಗೆ ಮೈಕ್ರೋಸಾಫ್ಟ್ ಅದರ ಡ್ರೈವರ್ ಕೊಡೋದನ್ನೇ ನಿಲ್ಲಿಸಿದೆ. ವರ್ಟ್-ಮ್ಯಾನೇಜರ್ ಬಳಸುವವರು ಎನ್‌ಐಸಿ ಅಂತಿರುವ ಕಡೆ ಡಿವೈಸ್ ಮಾಡೆಲ್ ಅನ್ನು ಇ1000ಇ ಮಾಡಿ. ಅದೇ ಪುಟದಲ್ಲಿರುವಾಗ 'ಕೇಬಲ್ ಕನೆಕ್ಟೆಡ್' ಟಿಕ್ ಇದೆಯಾ ನೋಡಿ. ನಗಬೇಡಿ, ಎಷ್ಟೋ ಸಲ ಇಷ್ಟೇ ಆಗಿರುತ್ತೆ.

ಲಿನಕ್ಸ್ ಗೆಸ್ಟ್: ತೂಬಿನಿಂದ ಗದ್ದೆಗೆ

ಕಾಲುವೆಯ ಕೊನೆ ಭಾಗದ ಗದ್ದೆಗೆ ನೀರು ಬಂದಿಲ್ಲ ಅಂದ್ರೆ ಗದ್ದೆಯಲ್ಲಿ ನಿಂತು ಬೈದರೆ ಏನೂ ಆಗಲ್ಲ ಅನ್ನೋದು ಹೊನ್ನಾಳಿ, ಚನ್ನಗಿರಿ ಕಡೆಯ ಭದ್ರಾ ಅಚ್ಚುಕಟ್ಟಿನವರಿಗೆ ಗೊತ್ತು. ತೂಬಿನಿಂದ ನಡೆದುಕೊಂಡು ಬರಬೇಕು. (ಭದ್ರಾ ಮೇಲ್ದಂಡೆಗೆ ದಶಕಗಳಿಂದ ಕಾಯುತ್ತಿರುವ ಜಗಳೂರಿನವರು ಈ ಉಪಮೆಯನ್ನು ಮನ್ನಿಸಬೇಕು.) ಇಲ್ಲೂ ಪ್ರಶ್ನೆಗಳು ಮೂರು, ಇದೇ ಕ್ರಮದಲ್ಲಿ: ಕಾರ್ಡು ಕಾಣ್ತಿದೆಯಾ, ಅದಕ್ಕೆ ಡ್ರೈವರ್ ಹತ್ತಿದೆಯಾ, ವಿಳಾಸ ಸಿಕ್ಕಿದೆಯಾ.

ಮೊದಲೆರಡಕ್ಕೂ ಒಂದೇ ಆಜ್ಞೆ. ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಪಿಸಿಐ' ಬರೆದು, ಜಾಗ ಬಿಟ್ಟು, ಅಡ್ಡಗೆರೆ 'ಕೆ' ಹಾಕಿ. ಉದ್ದ ಪಟ್ಟಿಯಲ್ಲಿ ಈಥರ್ನೆಟ್ ಕಂಟ್ರೋಲರ್ ಅನ್ನೋ ಸಾಲು ಹುಡುಕಿ. ಆ ಸಾಲೇ ಇಲ್ಲ ಅಂದ್ರೆ ಸೆಟ್ಟಿಂಗ್ಸ್‌ನಲ್ಲಿ ಅಡಾಪ್ಟರ್ ಆನ್ ಆಗಿಲ್ಲ ಅಂತ ಅರ್ಥ. ಸಾಲು ಇದ್ದು, ಅದರ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಇಲ್ಲ ಅಂದ್ರೆ ಮಾತ್ರ ಅದು ನಿಜವಾದ ಡ್ರೈವರ್ ಸಮಸ್ಯೆ. ಉಬುಂಟು, ಡೆಬಿಯನ್, ಫೆಡೋರಾಗಳಲ್ಲಿ ಹೀಗಾಗೋದು ಅಪರೂಪ, ಇಂಟೆಲ್ ಕಾರ್ಡಿನ ಇ1000 ಡ್ರೈವರ್ ಕರ್ನಲ್ ಜೊತೆಗೇ ಬರುತ್ತೆ. ಕ್ಲೌಡ್‌ಗೆಂದೇ ಕತ್ತರಿಸಿ ಸಣ್ಣದು ಮಾಡಿದ ಇಮೇಜ್ ಇಳಿಸಿಕೊಂಡಿದ್ದರೆ ಅದರಲ್ಲಿ ಇಂಟೆಲ್ ಡ್ರೈವರ್ ಇಲ್ಲದೆಯೂ ಇರಬಹುದು. ಆಗ ಉಲ್ಟಾ ಮಾಡಿ, ವರ್ಟ್‌ಐಒ ಆರಿಸಿ.

ಡ್ರೈವರ್ ಇದೆ, ಆದರೂ ನೆಟ್ ಇಲ್ಲ. ಈಗ 'ಐಪಿ ಎ' ಅಂತ ಹೊಡೆಯಿರಿ. ವರ್ಚುವಲ್‌ಬಾಕ್ಸ್‌ನ ನ್ಯಾಟ್ ವ್ಯವಸ್ಥೆಯಲ್ಲಿ ಗೆಸ್ಟ್‌ನ ವಿಳಾಸ ಸಾಮಾನ್ಯವಾಗಿ 10.0.2.15, ಗೇಟ್‌ವೇ 10.0.2.2. ಆ ವಿಳಾಸ ಕಾಣ್ತಿದ್ದರೆ ಡ್ರೈವರ್ ನಿರಪರಾಧಿ, ಇನ್ನು ಅದನ್ನು ಮುಟ್ಟಬೇಡಿ. ಹೆಸರು ಕೊಟ್ಟರೆ ಸೈಟ್ ತೆರೆಯಲ್ಲ, ಅಂಕಿಯ ವಿಳಾಸ ಕೊಟ್ಟರೆ ಉತ್ತರ ಬರುತ್ತೆ ಅಂದ್ರೆ ತೊಂದರೆ ಡಿಎನ್‌ಎಸ್‌ದು. ಪರೀಕ್ಷೆಗೆ ಪಿಂಗ್ ಒಂದನ್ನೇ ನಂಬಬೇಡಿ. ನ್ಯಾಟ್‌ನಲ್ಲಿ ಪಿಂಗ್ ಕೆಲವೊಮ್ಮೆ ದಾಟಲ್ಲ, ಬ್ರೌಸರ್ ಮಾತ್ರ ಆರಾಮಾಗಿ ಓಡ್ತಿರುತ್ತೆ.

ಡ್ರೈವರ್ ಮೇಲೆ ಸುಮ್ಮನೆ ಅಪವಾದ ಬರೋ ಇನ್ನೊಂದು ಸಂದರ್ಭ ಇದೆ, ಇದನ್ನ ಚೆನ್ನಾಗಿ ನೆನಪಿಡಿ. ಸೀನಿಯರ್ ಒಬ್ಬರು ಪೆನ್‌ಡ್ರೈವ್‌ನಲ್ಲಿ ತಮ್ಮ ರೆಡಿಮೇಡ್ ಮಷೀನ್ ಕೊಡ್ತಾರೆ. ಅವರ ವಿಎಂವೇರ್‌ನಲ್ಲಿ ಓಡ್ತಿತ್ತು, ನಿಮ್ಮ ವರ್ಚುವಲ್‌ಬಾಕ್ಸ್‌ನಲ್ಲಿ ನೆಟ್ ಇಲ್ಲ. ಯಾಕೆ? ಲಿನಕ್ಸ್ ಕಾರ್ಡಿಗೆ ಹೆಸರಿಡೋದು ಅದು ಕೂತಿರೋ ಜಾಗ ನೋಡಿ. ವಿಎಂವೇರ್‌ನಲ್ಲಿ ಅದರ ಹೆಸರು ಸಾಮಾನ್ಯವಾಗಿ 'ಇಎನ್‌ಎಸ್33', ವರ್ಚುವಲ್‌ಬಾಕ್ಸ್‌ನಲ್ಲಿ 'ಇಎನ್‌ಪಿ0ಎಸ್3'. ಆದರೆ ಸೆಟ್ಟಿಂಗ್ ಫೈಲಿನಲ್ಲಿ ಹಳೇ ಹೆಸರೇ ಉಳಿದಿರುತ್ತೆ, ಮನೆ ಬದಲಿಸಿದವರ ರೇಷನ್ ಕಾರ್ಡ್ ಇದ್ದ ಹಾಗೆ. ಉಬುಂಟು ಸರ್ವರ್‌ನಲ್ಲಿ 'ಇಟಿಸಿ' ಒಳಗಿನ 'ನೆಟ್‌ಪ್ಲಾನ್' ಫೋಲ್ಡರಿನ ಫೈಲ್ ತೆರೆದು ಹೊಸ ಹೆಸರು ಬರೆಯಿರಿ, ಆಮೇಲೆ 'ಸುಡೋ ನೆಟ್‌ಪ್ಲಾನ್ ಅಪ್ಲೈ'. ಡೆಬಿಯನ್‌ನಲ್ಲಿ 'ಇಟಿಸಿ' ಒಳಗೆ 'ನೆಟ್‌ವರ್ಕ್', ಅದರೊಳಗೆ 'ಇಂಟರ್‌ಫೇಸಸ್' ಅನ್ನೋ ಫೈಲು. ಅಲ್ಲೇ ಮ್ಯಾಕ್ ವಿಳಾಸವನ್ನೂ ಬರೆದಿಟ್ಟಿದ್ದರೆ ಅದನ್ನೂ ಬದಲಿಸಿ. ಒಂದೇ ಮಷೀನನ್ನು ಇಡೀ ಕ್ಲಾಸಿಗೆ ಕಾಪಿ ಮಾಡಿಕೊಟ್ಟಾಗ ಎಲ್ಲರದ್ದೂ ಒಂದೇ ಮ್ಯಾಕ್ ವಿಳಾಸ ಆಗಿ, ಲ್ಯಾಬಿನಲ್ಲಿ ಒಬ್ಬರ ನೆಟ್ ಬಂದರೆ ಇನ್ನೊಬ್ಬರದ್ದು ಹೋಗುತ್ತೆ. ಇಂಪೋರ್ಟ್ ಮಾಡುವಾಗಲೇ ಹೊಸ ಮ್ಯಾಕ್ ವಿಳಾಸ ಕೇಳಿ ಪಡೆಯಿರಿ.

ವಿಂಡೋಸ್ ಗೆಸ್ಟ್

ಸ್ಟಾರ್ಟ್ ಮೇಲೆ ಬಲ ಕ್ಲಿಕ್, ಡಿವೈಸ್ ಮ್ಯಾನೇಜರ್. 'ಈಥರ್ನೆಟ್ ಕಂಟ್ರೋಲರ್' ಪಕ್ಕ ಹಳದಿ ಗುರುತು ಇದ್ದರೆ ಡ್ರೈವರ್ ಇಲ್ಲ. ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿ ನೋಡಿ. ಅಲ್ಲಿ 'ವಿಇಎನ್' ಮುಂದಿನ ನಾಲ್ಕು ಅಕ್ಷರ ಕಾರ್ಡಿನ ಜಾತಕ ಹೇಳುತ್ತೆ: 8086 ಇಂಟೆಲ್, 1022 ಎಎಂಡಿ, 15ಎಡಿ ವಿಎಂವೇರ್, 1ಎಎಫ್4 ವರ್ಟ್‌ಐಒ. ವಿಎಂವೇರ್ ಕಾರ್ಡಾದರೆ (ವಿಎಂಎಕ್ಸ್‌ನೆಟ್3) ಡ್ರೈವರ್ ವಿಎಂವೇರ್ ಟೂಲ್ಸ್ ಒಳಗಿದೆ. ಅದರ ಸಿಡಿಯನ್ನು ಮೆನುವಿನಿಂದಲೇ ಸೇರಿಸಬಹುದು. ವರ್ಚುವಲ್‌ಬಾಕ್ಸ್‌ನ ಗೆಸ್ಟ್ ಅಡಿಶನ್ಸ್ ಹಾಗಲ್ಲ, ಅದು ಪರದೆ ದೊಡ್ಡದು ಮಾಡೋಕೆ, ಫೋಲ್ಡರ್ ಹಂಚಿಕೊಳ್ಳೋಕೆ. ಕಾರ್ಡಿನ ಡ್ರೈವರ್‌ಗಾಗಿ ಅದನ್ನು ಹತ್ತು ಸಲ ಹಾಕಿದರೂ ಅಷ್ಟೇ.

ವರ್ಟ್‌ಐಒ ವೇಗ ಬೇಕೇಬೇಕು ಅನ್ನೋರು 'ವರ್ಟ್‌ಐಒ-ವಿನ್' ಐಎಸ್‌ಒ ಫೈಲನ್ನು ಕಾಲೇಜಿನ ನೆಟ್‌ನಲ್ಲಿ ಹೋಸ್ಟ್‌ಗೆ ಇಳಿಸಿಕೊಳ್ಳಿ. ನೂರಾರು ಎಂಬಿ ಇದೆ. ಗೆಸ್ಟ್‌ನ ಸಿಡಿ ಡ್ರೈವ್‌ಗೆ ಅದನ್ನು ಜೋಡಿಸಿ, ಅಪ್‌ಡೇಟ್ ಡ್ರೈವರ್ ಒತ್ತಿ 'ನೆಟ್‌ಕೆವಿಎಂ' ಫೋಲ್ಡರ್ ತೋರಿಸಿ. ಸಿಡಿಯಾಗಿ ಜೋಡಿಸೋ ಈ ಉಪಾಯ ಯಾವ ಫೈಲಿಗೂ ಆಗುತ್ತೆ, ಗೆಸ್ಟ್‌ನೊಳಗೆ ನೆಟ್ ಬೇಕಿಲ್ಲ.

ವಿಂಡೋಸ್‌ನಲ್ಲಿ ವಿಳಾಸ 169.254ರಿಂದ ಶುರುವಾಗಿದ್ದರೆ ಡ್ರೈವರ್ ಕೆಲಸ ಮಾಡ್ತಿದೆ, ವಿಳಾಸ ಕೊಡೋರು ಸಿಕ್ಕಿಲ್ಲ ಅಷ್ಟೇ. ವಿಂಡೋಸ್ 11ರ ಕಥೆ ಬೇರೆ. ಅದು ಇನ್‌ಸ್ಟಾಲ್ ಮಧ್ಯದಲ್ಲೇ ನೆಟ್ ಕೇಳುತ್ತೆ, ಕೊಡದಿದ್ದರೆ ಮುಂದೆ ಹೋಗಲ್ಲ, ಯಾಕಂದ್ರೆ ಅದಕ್ಕೆ ನಿಮ್ಮ ಮೈಕ್ರೋಸಾಫ್ಟ್ ಖಾತೆ ಬೇಕು. ಅಲ್ಲಿ ಸಿಕ್ಕಿಬಿದ್ದರೆ ಪವರ್ ಆಫ್ ಮಾಡಿ ಇಂಟೆಲ್ ಕಾರ್ಡಿಗೆ ಬದಲಿಸಿ.

ಬ್ರಿಡ್ಜ್ ಹುಚ್ಚು, ಮತ್ತೆ ಹೋಸ್ಟ್‌ನ ಕಾಯಿಲೆ

ವಿಡಿಯೋ ನೋಡಿ ಕಲಿಯೋರೆಲ್ಲ ಮೊದಲು ಮಾಡೋದು ನ್ಯಾಟ್ ತೆಗೆದು ಬ್ರಿಡ್ಜ್ ಹಾಕೋದು. ವಿಡಿಯೋ ಮಾಡಿದವರ ಮನೆಯಲ್ಲಿ ವೈರ್ ಇತ್ತು. ಬ್ರಿಡ್ಜ್‌ನಲ್ಲಿ ಗೆಸ್ಟ್ ಹೊರಗಿನ ನೆಟ್‌ವರ್ಕ್‌ಗೆ ಬೇರೆಯೇ ಮಷೀನಾಗಿ ಕಾಣುತ್ತೆ. ವೈಫೈ ಕಾರ್ಡುಗಳು ಎರಡನೇ ಮ್ಯಾಕ್ ವಿಳಾಸವನ್ನು ಸಲೀಸಾಗಿ ಒಪ್ಪಲ್ಲ, ಕಾಲೇಜಿನ ನೆಟ್‌ವರ್ಕ್ ಕೂಡ ನೋಂದಾಯಿಸದ ಮಷೀನನ್ನು ಹೊರಗಿಡಬಹುದು. ಹಾಟ್‌ಸ್ಪಾಟ್ ಆಗಲಿ, ಯುಎಸ್‌ಬಿ ಟೆದರಿಂಗ್ ಆಗಲಿ, ಗೆಸ್ಟ್‌ಗೆ ನೆಟ್ ಬರಬೇಕು ಅಷ್ಟೇ ಅಂದ್ರೆ ನ್ಯಾಟ್ ಸಾಕು. ಹೋಸ್ಟ್‌ನಿಂದ ಗೆಸ್ಟ್‌ಗೆ ಲಾಗಿನ್ ಆಗಬೇಕಾ? ಎರಡನೇ ಅಡಾಪ್ಟರ್ ಆಗಿ ಹೋಸ್ಟ್-ಓನ್ಲಿ ಸೇರಿಸಿ.

ಹೋಸ್ಟೇ ಲಿನಕ್ಸ್ ಆಗಿದ್ದು, ಕರ್ನಲ್ ಅಪ್‌ಡೇಟ್ ಆದ ಮಾರನೇ ದಿನ 'ಕರ್ನಲ್ ಡ್ರೈವರ್ ನಾಟ್ ಇನ್‌ಸ್ಟಾಲ್ಡ್' ಅಂತ ವರ್ಚುವಲ್‌ಬಾಕ್ಸ್ ಹಟ ಹಿಡಿದರೆ, ಹೊಸ ಕರ್ನಲ್‌ನ ಹೆಡರ್ಸ್ ಪ್ಯಾಕೇಜ್ ಹಾಕಿ, ರೂಟ್ ಆಗಿ 'ವಿಬಾಕ್ಸ್‌ಕಾನ್ಫಿಗ್' ಓಡಿಸಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಮಾಡ್ಯೂಲ್‌ಗೆ ಸಹಿ ಬೇಕು. ಡೇಟಾ ಇಲ್ಲ ಅಂದ್ರೆ ಬೂಟ್ ಮೆನುವಿನಲ್ಲಿ ಹಿಂದಿನ ಕರ್ನಲ್ ಆರಿಸಿ, ಆ ರಾತ್ರಿಯ ಕೆಲಸ ನಡೆಯುತ್ತೆ. ಹೋಸ್ಟ್ ವಿಂಡೋಸ್ ಆಗಿದ್ದು ಬ್ರಿಡ್ಜ್ ಪಟ್ಟಿ ಖಾಲಿ ಕಂಡರೆ, ನಿಜವಾದ ಅಡಾಪ್ಟರಿನ ಪ್ರಾಪರ್ಟೀಸ್‌ನಲ್ಲಿ ವರ್ಚುವಲ್‌ಬಾಕ್ಸ್ ಬ್ರಿಡ್ಜ್ಡ್ ನೆಟ್‌ವರ್ಕಿಂಗ್ ಡ್ರೈವರ್ ಟಿಕ್ ಆಗಿದೆಯಾ ನೋಡಿ.

ಡ್ರೈವರ್ ಯಾರ ಕೈಲಿದೆ?

ಸ್ವತಂತ್ರ ತಂತ್ರಾಂಶ ಚಳವಳಿಯ ಮೂಲ ಜಗಳವೇ ಡ್ರೈವರ್‌ದು. ಎಂಐಟಿಯಲ್ಲಿ ಝೆರಾಕ್ಸ್ ಪ್ರಿಂಟರ್ ಪೇಪರ್ ಸಿಕ್ಕಿಸಿಕೊಳ್ತಿತ್ತು. ಸರಿಮಾಡೋಕೆ ರಿಚರ್ಡ್ ಸ್ಟಾಲ್ಮನ್ ಅದರ ಸೋರ್ಸ್ ಕೋಡ್ ಕೇಳಿದರೆ ಕೊಡಲ್ಲ ಅಂದರು. 1983ರಲ್ಲಿ ಅವರು ಗ್ನೂ ಯೋಜನೆ ಘೋಷಿಸಿದ್ದರ ಹಿಂದೆ ಆ ಸಿಟ್ಟೂ ಇತ್ತು. ಹಳೇ ಮಾತು ಅನ್ನಬೇಡಿ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರ್ ಕೊಂಡಿತು, 2024ರ ಫೆಬ್ರವರಿಯಲ್ಲಿ ಉಚಿತ ಇಎಸ್‌ಎಕ್ಸ್‌ಐ ನಿಲ್ಲಿಸಿತು, 2025ರ ಏಪ್ರಿಲ್‌ನಲ್ಲಿ ಮತ್ತೆ ಕೊಟ್ಟಿತು. ಅದನ್ನು ನಂಬಿ ಲ್ಯಾಬ್ ಕಟ್ಟಿದವರನ್ನು ಯಾರೂ ಕೇಳಲಿಲ್ಲ. ಇ1000, ವರ್ಟ್‌ಐಒಗಳ ಕೋಡ್ ಲಿನಕ್ಸ್ ಕರ್ನಲ್‌ನೊಳಗೆ ಬಹಿರಂಗವಾಗಿದೆ. ಅದನ್ನು ನಿಲ್ಲಿಸುವ ಅಧಿಕಾರ ಯಾವ ಒಂದು ಕಂಪನಿಗೂ ಇಲ್ಲ.

ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯ ಮಕ್ಕಳು ಕಂಪ್ಯೂಟರ್ ಕಲಿಯೋದು ಲಿನಕ್ಸ್‌ನಲ್ಲೇ. ಕೇರಳ ಸರ್ಕಾರದ ಕೈಟ್ ಸಂಸ್ಥೆ ಐಸಿಟಿ ಪಠ್ಯಪುಸ್ತಕವನ್ನು ಕನ್ನಡದಲ್ಲೂ ಕೊಡುತ್ತೆ. ದಾವಣಗೆರೆ ವಿಶ್ವವಿದ್ಯಾಲಯ 2009ರಿಂದ ಇದೆ, ಈ ನಾಲ್ಕೂ ತಾಲ್ಲೂಕು ಅದರ ವ್ಯಾಪ್ತಿಯಲ್ಲಿವೆ. ಪ್ರತಿ ಕಾಲೇಜು ಲ್ಯಾಬಿನಲ್ಲಿ ಒಂದು ಪೂರ್ತಿ ಉಬುಂಟು ಐಎಸ್‌ಒ, ವರ್ಚುವಲ್‌ಬಾಕ್ಸ್ ಇನ್‌ಸ್ಟಾಲರ್, ವರ್ಟ್‌ಐಒ-ವಿನ್ ಐಎಸ್‌ಒ, ಬಳಕೆಯಲ್ಲಿರುವ ಕರ್ನಲ್‌ನ ಹೆಡರ್ಸ್, ಇಷ್ಟನ್ನು ಇಟ್ಟು ಕೇಳಿದವರಿಗೆ ಕಾಪಿ ಕೊಡಿ ಅಂತ ವಿದ್ಯಾರ್ಥಿ ಸಂಘಟನೆಗಳು ಕೇಳಬಹುದು. 32 ಜಿಬಿಯ ಒಂದು ಪೆನ್‌ಡ್ರೈವ್‌ನಲ್ಲಿ ಇವೆಲ್ಲ ಹಿಡಿಸಿ ಜಾಗ ಮಿಗುತ್ತೆ. ಪ್ರತಿ ಸೆಮಿಸ್ಟರ್ ಶುರುವಿನಲ್ಲಿ ಒಮ್ಮೆ ಹೊಸ ಆವೃತ್ತಿಗೆ ಬದಲಿಸಿದರೆ ಸಾಕು.