ಒಗ್ಗರಣೆಯ ಎಣ್ಣೆ: ಗಾಣದಿಂದ ಬಂದರಿನವರೆಗೆ

'ಎಣ್ಣೆ' ಎಂಬ ಪದವನ್ನು ಎಂದಾದರೂ ಬಿಡಿಸಿ ನೋಡಿದ್ದೀರಾ? ಎಳ್ಳು ಮತ್ತು ನೆಯ್ ಸೇರಿ ಆದ ಪದ ಅದು. ನೆಯ್ ಎಂದರೆ ತುಪ್ಪ, ಜಿಡ್ಡು. ಸಂಸ್ಕೃತದ 'ತೈಲ'ವೂ 'ತಿಲ', ಅಂದರೆ ಎಳ್ಳಿನಿಂದಲೇ ಹುಟ್ಟಿದ್ದು. ನಮ್ಮ ಪೂರ್ವಿಕರಿಗೆ ಎಣ್ಣೆಯೆಂದರೆ ಮೊದಲು ಎಳ್ಳೆಣ್ಣೆಯೇ. ಆದರೆ ಇಂದು ಪಲ್ಯ ಹುರಿಯಲು ಬಾಣಲೆಗೆ ಎಳ್ಳೆಣ್ಣೆ ಸುರಿಯುವ ಮನೆಗಳು ನಮ್ಮಲ್ಲಿ ವಿರಳ. ಈ ಬದಲಾವಣೆ ಕೇವಲ ನಾಲಗೆಯ ರುಚಿಯಿಂದ ಆದದ್ದಲ್ಲ.

ಕರ್ನಾಟಕದ ಮಧ್ಯಕಾಲೀನ ಶಾಸನಗಳಲ್ಲಿ ಎಣ್ಣೆ ತೆಗೆಯುವ ತೆಲ್ಲಿಗರ 'ಐವತ್ತೊಕ್ಕಲು' ಎಂಬ ಸಂಘದ ಉಲ್ಲೇಖವಿದೆ. ದೇವಾಲಯದ ನಂದಾದೀವಿಗೆಗೆ ಗಾಣಕ್ಕೆ ಇಷ್ಟು ಎಣ್ಣೆಯೆಂದು ಅವರು ದತ್ತಿ ಬಿಡುತ್ತಿದ್ದರು. ಗಾಣಗಳಿಗೆ 'ಗಾಣದೆರೆ' ಎಂಬ ತೆರಿಗೆಯೂ ಇತ್ತು. ಗಾಣ ಊರಿನಲ್ಲೇ ಇದ್ದುದರಿಂದ ಆಯಾ ಸೀಮೆಯ ಬೆಳೆಯೇ ಅಲ್ಲಿನ ಎಣ್ಣೆ. ಕರಾವಳಿಯಲ್ಲಿ ಕೊಬ್ಬರಿ, ಉತ್ತರದ ಕರಿಮಣ್ಣಿನಲ್ಲಿ ಕುಸುಬೆ, ಕೆಲವು ಕಡೆ ಹುಚ್ಚೆಳ್ಳು. ಇಂದು ತೀರಾ ನಮ್ಮದೆನಿಸುವ ಕಡಲೆಕಾಯಿ ಮಾತ್ರ ದಕ್ಷಿಣ ಅಮೆರಿಕದಿಂದ ಬಂದ ಅತಿಥಿ.

ವಿಜಯಪುರದ ಕಡೆಯವರಾದ ನಮ್ಮ ಅಜ್ಜಿಯ ಅಡುಗೆಮನೆಯಲ್ಲಿ ಇದ್ದದ್ದು ಕುಸುಬೆ ಎಣ್ಣೆ. "ಎಣ್ಣಿ ಹೊಗಿ ಆಡೂಕಿಂತ ಮೊದಲ ಸಾಸಿವಿ ಹಾಕವಾ" ಎಂದು ಅವರು ನನ್ನ ತಾಯಿಗೆ ಹೇಳುತ್ತಿದ್ದರು. ಆ ಮಾತಿನ ಅರ್ಥ ನನಗೆ ಹೊಳೆದದ್ದು ಬಿ.ಎಸ್ಸಿ. ಓದುವಾಗ. ಪ್ರತಿ ಎಣ್ಣೆಗೂ ಹೊಗೆಯಾಡುವ ಒಂದು ಉಷ್ಣತೆ ಇರುತ್ತದೆ. ಅದನ್ನು ಮೀರಿದರೆ ಎಣ್ಣೆ ವಿಭಜನೆಗೊಂಡು ಗ್ಲಿಸರಾಲ್ ಹೊರಬೀಳುತ್ತದೆ. ಅದರಿಂದ ಕಣ್ಣು ಉರಿಸುವ ಅಕ್ರೋಲೀನ್ ಉಂಟಾಗುತ್ತದೆ. ಗಾಣದ ಎಣ್ಣೆಯಲ್ಲಿ ಸ್ವತಂತ್ರ ಮೇದಾಮ್ಲಗಳು ಹೆಚ್ಚಿರುವುದರಿಂದ ಅದು ಬೇಗ ಹೊಗೆಯಾಡುತ್ತದೆ. ಕಾರ್ಖಾನೆಯಲ್ಲಿ ಶುದ್ಧೀಕರಿಸಿದಾಗ ಈ ಆಮ್ಲಗಳು ಹೋಗುತ್ತವೆ, ಜೊತೆಗೆ ಪರಿಮಳವೂ ಹೋಗುತ್ತದೆ. ಕಡಲೆಕಾಯಿ ಎಣ್ಣೆ ಶುದ್ಧೀಕರಿಸದಿದ್ದಾಗ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊಗೆಯಾಡಿದರೆ, ಶುದ್ಧೀಕರಿಸಿದ್ದು ಸುಮಾರು 230 ಡಿಗ್ರಿಯವರೆಗೂ ತಡೆಯುತ್ತದೆ.

ಯಂತ್ರಯುಗದ ಮೊದಲ ದೊಡ್ಡ ಕೊಡುಗೆ ವನಸ್ಪತಿ. ಎಣ್ಣೆಗೆ ನಿಕ್ಕಲ್ ವೇಗವರ್ಧಕದ ನೆರವಿನಿಂದ ಜಲಜನಕ ಸೇರಿಸಿ ಗಟ್ಟಿ ಮಾಡುವ ವಿಧಾನವದು. 1937ರಲ್ಲಿ ಬಂದ ಡಾಲ್ಡಾ ತುಪ್ಪದ ಬದಲಿಯಾಗಿ ಮನೆಮನೆ ತಲುಪಿತು. ಅದರಲ್ಲಿನ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಹಾನಿಕರವೆಂದು ತಿಳಿದದ್ದು ಬಹಳ ತಡವಾಗಿ. ಅದರ ಪ್ರಮಾಣ ಶೇಕಡಾ 2ನ್ನು ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2022ರಲ್ಲಿ.

ಎರಡನೆಯ ತಿರುವು ಸೂರ್ಯಕಾಂತಿಯದು. ಅದರ ಎಣ್ಣೆಬೀಜದ ತಳಿಗಳು 1969ರಲ್ಲಿ ಸೋವಿಯತ್ ಒಕ್ಕೂಟದಿಂದ ಬಂದವು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಬಿ.ಎಸ್.ಎಚ್.-1 ಎಂಬ ಸಂಕರಣ ತಳಿ ಬಿಡುಗಡೆಯಾಯಿತು. ಕರ್ನಾಟಕದ ಹೊಲಗಳು ಹಳದಿಯಾದವು. 1986ರಲ್ಲಿ ಎಣ್ಣೆಬೀಜಗಳ ತಂತ್ರಜ್ಞಾನ ಮಿಷನ್ ಆರಂಭವಾಗಿ, 1990ರ ದಶಕದ ಮೊದಲ ವರ್ಷಗಳಲ್ಲಿ ದೇಶವು ಸ್ವಾವಲಂಬನೆಯ ಹೊಸ್ತಿಲಿಗೆ ಬಂದಿತ್ತು. ನಮ್ಮ ಮನೆಯಲ್ಲೂ ಕುಸುಬೆ ಎಣ್ಣೆಯ ತಪ್ಪಲೆಯ ಜಾಗಕ್ಕೆ ಸೂರ್ಯಕಾಂತಿಯ ಡಬ್ಬ ಬಂತು.

ಆ ಹೊಸ್ತಿಲನ್ನು ನಾವು ದಾಟಲಿಲ್ಲ. 1994ರಲ್ಲಿ ಪಾಮೋಲಿನ್ ಆಮದಿಗೆ ಖಾಸಗಿಯವರಿಗೂ ಬಾಗಿಲು ತೆರೆಯಿತು. ಅಗ್ಗದ ಎಣ್ಣೆ ಹಡಗಿನಲ್ಲಿ ಬರತೊಡಗಿದಾಗ ಕೊಳ್ಳುವವರಿಗೆ ಅನುಕೂಲವಾಯಿತು, ಬೆಳೆಯುವವರ ಉತ್ಸಾಹ ಕುಗ್ಗಿತು. ಈಗ ನಾವು ಬಳಸುವ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಆರಂಭವಾದಾಗ ನಮ್ಮ ಊರಿನ ಅಂಗಡಿಯಲ್ಲಿ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿತು. ಒಂದು ಕಾಲದಲ್ಲಿ ಬೀಜ ಬಂದ ದಿಕ್ಕಿನಿಂದಲೇ ಈಗ ಎಣ್ಣೆಯೂ ಬರಬೇಕಾಗಿದೆ.

ಹಾಗಾದರೆ ಬಾಣಲೆಗೆ ಯಾವ ಎಣ್ಣೆ? ದೊಡ್ಡ ಉರಿಯಲ್ಲಿ ಹುರಿಯುವುದಾದರೆ ಶುದ್ಧೀಕರಿಸಿದ ಕಡಲೆಕಾಯಿ ಎಣ್ಣೆಯಂಥದ್ದು. ಹದವಾದ ಉರಿಯಲ್ಲಿ ಪಲ್ಯ ಬಾಡಿಸಲು ಗಾಣದ ಎಣ್ಣೆ ಸಾಕು. ಕೊಳ್ಳುವಾಗ ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ಮಿಶ್ರಣವಾಗಿದ್ದರೆ ಅಲ್ಲಿ ಬರೆದಿರುತ್ತದೆ. ಕುಸುಬೆ, ಹುಚ್ಚೆಳ್ಳಿನ ಎಣ್ಣೆಗಳನ್ನು ಈಗ ಹುಡುಕಿಕೊಂಡು ಹೋಗಬೇಕು. ನಿಮ್ಮ ಊರಿನಲ್ಲಿ ಗಾಣ ಎಲ್ಲಿತ್ತು, ಅದು ಎಂದು ನಿಂತಿತು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ನಿಮ್ಮ ಊರಿನ ಇತಿಹಾಸದ ಒಂದು ಪುಟ ಅಲ್ಲಿಂದಲೇ ಆರಂಭವಾಗಬಹುದು.