ಮನೆಯೇ ಕಚೇರಿ, ಮನೆಯೇ ಮಗ್ಗ: ಹಿಂಜರಿತದ ಬಳಿಕ ದುಡಿಯುವವರ ನಿರೀಕ್ಷೆ

ಬೈಲಹೊಂಗಲ: ವೇಳೆ ಮತ್ತು ಸ್ಥಳದ ಕಟ್ಟುಪಾಡನ್ನು ಸಡಿಲಿಸಿ ಕೆಲಸ ಮಾಡುವ ಪದ್ಧತಿ ದೇಶದಲ್ಲಿ ಮನೆಮಾತಾದದ್ದು 2020ರ ಮಾರ್ಚ್ 25ರಿಂದ ಜಾರಿಯಾದ ಲಾಕ್‌ಡೌನ್ ಕಾಲದಲ್ಲಿ. ಆ ವರ್ಷದ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ದೇಶದ ಒಟ್ಟು ಆಂತರಿಕ ಉತ್ಪನ್ನವು ಮೊದಲ ಅಂದಾಜಿನಂತೆ ಶೇ 23.9ರಷ್ಟು ಕುಸಿಯಿತು. ಬೆಂಗಳೂರು, ಪುಣೆಗಳಿಂದ ಊರಿಗೆ ಮರಳಿದವರಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ಕಡೆಯವರೂ ಇದ್ದರು.

ಇಂತಹ ಪದ್ಧತಿಗೆ ಕಾನೂನಿನ ಬೆಂಬಲ ಅದಕ್ಕೂ ಮೊದಲೇ ಅಲ್ಪಸ್ವಲ್ಪ ದೊರೆತಿತ್ತು. ಹೆರಿಗೆ ರಜೆಯ ನಂತರ, ಕೆಲಸದ ಸ್ವರೂಪಕ್ಕೆ ಒಪ್ಪುವುದಾದರೆ, ಮಾಲೀಕರೊಡನೆ ಮಾತನಾಡಿಕೊಂಡು ಮನೆಯಿಂದಲೇ ದುಡಿಯಲು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ಅವಕಾಶ ನೀಡಿತು. 2020ರ ನವೆಂಬರ್ 5ರಂದು ಕೇಂದ್ರ ದೂರಸಂಪರ್ಕ ಇಲಾಖೆಯು ಕಾಲ್‌ಸೆಂಟರ್ ಮೊದಲಾದ ಕಂಪನಿಗಳ ನಿಯಮಗಳನ್ನು ಸಡಿಲಿಸಿತು. ಕಚೇರಿಗೆ ಮರಳುವಂತೆ ಕಂಪನಿಗಳು ಕರೆ ಕಳುಹಿಸಿದಾಗ, ವಾರದಲ್ಲಿ ಕೆಲವು ದಿನವಾದರೂ ಊರಿನಿಂದ ದುಡಿಯಬೇಕೆಂಬ ಬೇಡಿಕೆ ನೌಕರರಲ್ಲಿ ಉಳಿದುಕೊಂಡಿತು.

ಆದರೆ ಮನೆಯಿಂದ ದುಡಿಯುವುದು ನಮ್ಮ ಭಾಗಕ್ಕೆ ಹೊಸತೇನಲ್ಲ. ರಾಮದುರ್ಗದ ನೇಕಾರರ ಮನೆಗಳಲ್ಲಿ ಮಗ್ಗಕ್ಕೊಂದು ಜಾಗ ಮೀಸಲು. ಮನೆಯವರು ಕಂಡಿಕೆ ಸುತ್ತಿದರೆ ಮಗ್ಗದ ಮೇಲೆ ಕುಳಿತವರು ನೇಯುತ್ತಾರೆ. ವೇಳೆಯ ನಿರ್ಬಂಧವಿಲ್ಲ, ಎಷ್ಟು ನೇಯ್ದರೆ ಅಷ್ಟು ಮಜೂರಿ. ನೂಲು ಬಾರದ ದಿನ ಮಜೂರಿಯೂ ಇಲ್ಲ. 2020ರಲ್ಲಿ ಕೊಳ್ಳುವವರಿಲ್ಲದೆ ಬಟ್ಟೆ ಮಾರಾಟ ನಿಂತಾಗ ಈ ಸ್ವಾತಂತ್ರ್ಯದ ಬೆಲೆ ಎಷ್ಟೆಂಬುದು ಗೊತ್ತಾಯಿತು. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ಪ್ರವಾಹ ರಾಮದುರ್ಗ ತಾಲ್ಲೂಕನ್ನು ಅದಾಗಲೇ ಕಂಗೆಡಿಸಿತ್ತು. ಮನೆಯೇ ಕಾರ್ಖಾನೆಯಾದವರಿಗೆ ಮನೆಗೆ ನೀರು ನುಗ್ಗಿತೆಂದರೆ ಉದ್ಯೋಗಕ್ಕೂ ನುಗ್ಗಿದಂತೆ.

ಹೀಗಾಗಿ ಇಬ್ಬರ ನಿರೀಕ್ಷೆಗಳೂ ಬೇರೆ. ಸಾಫ್ಟ್‌ವೇರ್ ನೌಕರ ಕೇಳುವುದು ಸ್ಥಳದ ಸ್ವಾತಂತ್ರ್ಯವನ್ನು. ನೇಕಾರ ಕೇಳುವುದು ವರ್ಷವಿಡೀ ಕೆಲಸವನ್ನು. ರಾಜ್ಯ ಸರ್ಕಾರ 2020ರ ಮೇ ತಿಂಗಳಲ್ಲಿ ‘ನೇಕಾರ ಸಮ್ಮಾನ್’ ಯೋಜನೆಯಡಿ ಕೈಮಗ್ಗ ನೇಕಾರರಿಗೆ ವರ್ಷಕ್ಕೆ 2,000 ರೂಪಾಯಿ ಘೋಷಿಸಿತು. ಬಳಿಕ ಅದು 5,000 ರೂಪಾಯಿಗೆ ಏರಿತು. ತಿಂಗಳಿಗೆ ಲೆಕ್ಕ ಹಾಕಿದರೆ 417 ರೂಪಾಯಿಯೂ ಆಗದ ಈ ಮೊತ್ತ ಕೆಲಸಕ್ಕೆ ಬದಲಿಯಾಗಲಾರದು.

2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು, ಮಾಲೀಕನಿಗಾಗಿ ತನ್ನ ಮನೆಯಲ್ಲಿ ಅಥವಾ ತಾನೇ ಆರಿಸಿಕೊಂಡ ಸ್ಥಳದಲ್ಲಿ ಕೂಲಿಗೆ ದುಡಿಯುವವರನ್ನು ‘ಮನೆ ಆಧಾರಿತ ಕಾರ್ಮಿಕ’ ಎಂದು ಗುರುತಿಸಿದೆ. ಕಚ್ಚಾವಸ್ತು, ಸಲಕರಣೆಗಳನ್ನು ಯಾರು ಒದಗಿಸುತ್ತಾರೆಂಬುದು ಇಲ್ಲಿ ಮುಖ್ಯವಲ್ಲ. ಅಸಂಘಟಿತ ಕಾರ್ಮಿಕರ ನೋಂದಣಿಗೆಂದು 2021ರ ಆಗಸ್ಟ್ 26ರಂದು ಆರಂಭವಾದ ಇ-ಶ್ರಮ್‌ನಲ್ಲಿ, ಭವಿಷ್ಯನಿಧಿ ಹಾಗೂ ಇಎಸ್‌ಐ ಸದಸ್ಯತ್ವವಿಲ್ಲದ ಇಂತಹ ದುಡಿಮೆಗಾರರು ಹೆಸರು ನೋಂದಾಯಿಸಬಹುದು. ಆಧಾರ್ ಸಂಖ್ಯೆ, ಅದಕ್ಕೆ ಜೋಡಣೆಯಾದ ಮೊಬೈಲ್ ಮತ್ತು ಬ್ಯಾಂಕ್ ಖಾತೆಯ ವಿವರ ಬೇಕಾಗುತ್ತದೆ.